ಅಮ್ಮಿಯ ಎರಡು ಬದಿಯ ಕೊಕ್ಕೆ

ಸುಮಾರು ಇಪ್ಪತ್ತು ವರ್ಷದ ಹಿಂದಿನ ಮಾತು. ಚಳ್ಳಕೆರೆಯ ಶೇಂಗಾ ಮಂಡಿಯಲ್ಲಿ ಹಮಾಲಿ ಮಾಡುವ ಒಬ್ಬನ ಮನೆಯ ಕತೆಯನ್ನು ಬರೆದು ನಾವು ಪತ್ರಿಕೆಯೊಂದಕ್ಕೆ ಕಳಿಸಿದ್ದೆವು. ಕತೆ ಅಚ್ಚಾಯಿತು. ಸಂತೋಷದಿಂದ ಓದತೊಡಗಿದರೆ ಮೊದಲ ಪುಟದಲ್ಲೇ ಏನೋ ಚುಚ್ಚಿದಂತಾಯಿತು. ನಾವು ಅಮ್ಮಿ ಎಂದು ಬರೆದ ಕಡೆಯಲ್ಲೆಲ್ಲ ಆ ಪದದ ಎರಡೂ ಬದಿಗೆ ಒಂದೊಂದು ಕೊಕ್ಕೆ ಬಂದು ಕೂತಿತ್ತು. ಮೊದಲ ಸಲ ಬಂದಾಗ ಪಕ್ಕದಲ್ಲಿ ಆವರಣದೊಳಗೆ ತಾಯಿ ಎಂಬ ಅರ್ಥವೂ ಇತ್ತು. ದಸ್ತರ್‌ಖಾನ್, ವಜೂ, ನಮಾಜ್, ಖಾಲಾ, ಮಯ್ಯತ್, ಕಫನ್ ಇವೆಲ್ಲಕ್ಕೂ ಅದೇ ಗತಿ. ಪೆನ್ಸಿಲ್ ಹಿಡಿದು ಎಣಿಸಿದೆವು. ಆರು ಪುಟದ ಕತೆಯಲ್ಲಿ ಅರವತ್ತೆರಡು ಕಡೆ ಕೊಕ್ಕೆ.

ಸಂಪಾದಕರು ಕೆಟ್ಟವರಾಗಿರಲಿಲ್ಲ. ವಿಚಾರಿಸಿ ಬರೆದ ಕಾಗದಕ್ಕೆ ಪ್ರೀತಿಯಿಂದಲೇ ಉತ್ತರ ಬರೆದರು. ಸಾಮಾನ್ಯ ಓದುಗರಿಗೆ ತೊಡಕಾಗಬಾರದು, ಪರಭಾಷೆಯ ಪದಗಳಿಗೆ ಚಿಹ್ನೆ ಹಾಕುವುದು ನಮ್ಮ ಪತ್ರಿಕೆಯ ಪದ್ಧತಿ ಎಂದಿದ್ದರು. ಆ ಮಾತನ್ನು ನಾವು ಒಪ್ಪಿ ಸುಮ್ಮನಾದೆವು. ಆದರೆ ಕೆಲವು ದಿನ ಕಳೆದ ಮೇಲೆ ಅದೇ ಕತೆಯನ್ನು ಮತ್ತೆ ಓದುವಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಕತೆಯ ನಾಯಕ ಹಮಾಲಿ. ‘ಹಮಾಲಿ’ ಅರಬ್ಬಿ ಮೂಲದ ಮಾತು, ಹೊರೆ ಹೊರುವವನು ಎಂಬ ಅರ್ಥದ ‘ಹಮ್ಮಾಲ್’ನಿಂದ ಬಂದದ್ದು. ಅದಕ್ಕೆ ಕೊಕ್ಕೆ ಇರಲಿಲ್ಲ. ಮಂಡಿಯ ದೃಶ್ಯದಲ್ಲಿ ದಲಾಲಿ, ನಗದು, ಬಾಕಿ, ರಸೀದಿ, ತಕರಾರು, ಅಸಲು ಎಲ್ಲ ಬಂದಿದ್ದವು. ಇವೆಲ್ಲವೂ ಅರಬ್ಬಿ ಪಾರಸಿಯಿಂದ ಬಂದ ಪದಗಳೇ. ಒಂದಕ್ಕೂ ಕೊಕ್ಕೆ ಇರಲಿಲ್ಲ. ಕೊಕ್ಕೆ ಬಿದ್ದದ್ದು ಅಮ್ಮಿಗೆ. ಕಿವಿಗೆ ಕನ್ನಡದ ‘ಅಮ್ಮ’ನ ಒಡಹುಟ್ಟಿದವಳಂತೆ ಕೇಳುವ ಆ ಪದ ಪರಭಾಷೆಯದಾಯಿತು, ಅರಬ್ಬಸ್ಥಾನದಿಂದ ಬಂದ ಹಮಾಲಿ ಕನ್ನಡಿಗನಾದ.

ಹಾಗಾದರೆ ಪದದ ಮೂಲಕ್ಕೂ ಈ ಕೊಕ್ಕೆಗೂ ಸಂಬಂಧ ಇಲ್ಲ. ಮಂಡಿಯಲ್ಲಿ, ಕಚೇರಿಯಲ್ಲಿ, ಕೋರ್ಟಿನಲ್ಲಿ ಕೂತ ಪದಗಳು ಸಲೀಸಾಗಿ ಒಳಗೆ ಬಂದಿವೆ. ಅಡುಗೆಮನೆಯಲ್ಲಿ, ಪ್ರಾರ್ಥನೆಯ ಚಾಪೆಯ ಮೇಲೆ, ಹೆಣದ ಪಕ್ಕದಲ್ಲಿ ಕೂತ ಪದಗಳನ್ನು ಬಾಗಿಲಲ್ಲೇ ತಡೆಯಲಾಗಿದೆ. ನಮ್ಮ ದುಡಿಮೆಯ ಮಾತು ಕನ್ನಡವಾಗುತ್ತದೆ, ನಮ್ಮ ಮನೆಯ ಮಾತು ಆಗುವುದಿಲ್ಲ. ಅಂದಿನಿಂದ ಈ ಚಿಕ್ಕ ಗುರುತಿನ ಬಗ್ಗೆ ಯೋಚಿಸುತ್ತ ಬಂದಿದ್ದೇವೆ. ಅದು ಏಕೆ ಹುಟ್ಟಿತು, ಅದರ ನಿಜವಾದ ಕೆಲಸ ಏನು, ನಮ್ಮಲ್ಲಿ ಅದು ಯಾವ ಕೆಲಸ ಮಾಡುತ್ತಿದೆ ಎಂಬುದನ್ನು ಇಲ್ಲಿ ಹಂಚಿಕೊಳ್ಳಬೇಕೆನಿಸಿದೆ.

ಮೊದಲು ನಿಜವಾದ ಕೆಲಸವನ್ನು ನೋಡೋಣ. ಚಳ್ಳಕೆರೆಯಲ್ಲಿ ಎಣ್ಣೆ ಗಿರಣಿಗಳಿವೆ ಎಂದಾಗ ನಾವು ಒಂದು ಊರಿನ ಬಗ್ಗೆ ಮಾತಾಡುತ್ತಿದ್ದೇವೆ. ‘ಚಳ್ಳಕೆರೆ’ಯಲ್ಲಿ ನಾಲ್ಕು ಅಕ್ಷರಗಳಿವೆ ಎಂದಾಗ ಊರು ಮರೆಯಾಗಿ ಆ ಪದವೇ ಎದುರಿಗೆ ನಿಂತಿದೆ. ಮೊದಲನೆಯದರಲ್ಲಿ ಪದವನ್ನು ಬಳಸಿದ್ದೇವೆ, ಎರಡನೆಯದರಲ್ಲಿ ಪದವನ್ನೇ ಹೆಸರಿಸಿದ್ದೇವೆ. ಈ ವ್ಯತ್ಯಾಸ ತಪ್ಪಿದರೆ ನಗೆಪಾಟಲಾಗುತ್ತದೆ. ಮೊಳಕಾಲ್ಮುರು ಎಂದು ಬಸ್ಸಿನ ಹಲಗೆಯಲ್ಲಿ ಓದಿದ ಹೊರಗಿನವರು ಯಾರ ಮೊಳಕಾಲು ಮುರಿಯಿತು ಎಂದು ಕೇಳುವುದು ಇಲ್ಲಿ ಹಳೆಯ ತಮಾಷೆ. ಊರಿಗೆ ಹೋಗಬೇಕಾದವರು ಪದದಲ್ಲೇ ಇಳಿದುಬಿಡುತ್ತಾರೆ.

ಇಂಗ್ಲಿಷಿನವರು ಈ ವ್ಯತ್ಯಾಸವನ್ನು ಕಣ್ಣಿಗೆ ತೋರಿಸಲು ಎರಡು ದಾರಿ ಮಾಡಿಕೊಂಡಿದ್ದಾರೆ. ಒಂದು, ಪದವನ್ನು ಓರೆ ಅಕ್ಷರದಲ್ಲಿ ಅಚ್ಚು ಹಾಕುವುದು. ಓರೆ ಅಕ್ಷರ ಇಟಲಿಯ ವೆನಿಸ್ ನಗರದಲ್ಲಿ ಹುಟ್ಟಿದ್ದು. ಆಲ್ದುಸ್ ಮನೂಶಿಯಸ್ ಎಂಬ ಮುದ್ರಕ 1501ರಲ್ಲಿ ವರ್ಜಿಲ್ ಕವಿಯ ಪುಸ್ತಕವನ್ನು ಪೂರ್ತಿ ಆ ಅಕ್ಷರದಲ್ಲೇ ಮುದ್ರಿಸಿದ. ಆಗ ಅದು ಯಾವ ಪದವನ್ನೂ ಬೇರೆ ಮಾಡುವ ಗುರುತಾಗಿರಲಿಲ್ಲ, ಚಿಕ್ಕ ಪುಸ್ತಕಕ್ಕೆ ಒಪ್ಪುವ ಕೈಬರಹದ ಮಾದರಿಯಾಗಿತ್ತು. ಬೇರೆ ಮಾಡುವ ಕೆಲಸವನ್ನು ಅದಕ್ಕೆ ಆಮೇಲಿನವರು ಹಚ್ಚಿದರು. ಎರಡನೆಯ ದಾರಿ ಒಂಟಿ ಅಥವಾ ಜೋಡಿ ಕೊಕ್ಕೆ ಹಾಕುವುದು. ಈ ಕೊಕ್ಕೆಯ ಪಕ್ಕ ಅಲ್ಪವಿರಾಮ ಬಂದರೆ ಅದು ಒಳಗಿರಬೇಕೋ ಹೊರಗಿರಬೇಕೋ ಎಂಬುದರಲ್ಲಿ ಅವರಲ್ಲೇ ಒಮ್ಮತ ಇಲ್ಲ. ಅಮೆರಿಕದವರು ಒಳಗೆ ಹಾಕುತ್ತಾರೆ, ಬ್ರಿಟನ್ನಿನವರು ಅದು ಆ ಪದದ ಭಾಗವಲ್ಲದಿದ್ದರೆ ಹೊರಗೆ ಬಿಡುತ್ತಾರೆ. ಒಂದು ವಿಷಯದಲ್ಲಿ ಮಾತ್ರ ಇಬ್ಬರೂ ಒಂದೇ. ಪದವನ್ನು ಪದವೆಂದು ಹೆಸರಿಸಿದಾಗ ಅದಕ್ಕೆ ಏಕವಚನದ ಕ್ರಿಯಾಪದ. ‘ಚಿಲ್ಡ್ರನ್’ ಬಹುವಚನವೇ ಆದರೂ ಆ ಪದದ ಬಗ್ಗೆ ಹೇಳುವಾಗ “ಚಿಲ್ಡ್ರನ್ ಈಸ್ ಎ ಪ್ಲೂರಲ್ ನೌನ್” ಎಂದೇ ಹೇಳಬೇಕು. ಮಕ್ಕಳು ಎಷ್ಟೇ ಇರಲಿ, ಪದ ಒಂದೇ.

ಇಂಗ್ಲಿಷಿಗೆ ಈ ಗುರುತುಗಳು ಬೇಕು. ಏಕೆಂದರೆ ಅಲ್ಲಿ ಪದವನ್ನು ಹಾಗೆಯೇ ವಾಕ್ಯದಲ್ಲಿ ಇಟ್ಟುಬಿಡುವ ಅಭ್ಯಾಸವಿದೆ. ನಮ್ಮ ಭಾಷೆಗಳು ಈ ಕೆಲಸವನ್ನು ಬಹಳ ಹಿಂದೆಯೇ ಬಾಯಲ್ಲೇ ಮುಗಿಸಿಕೊಂಡಿವೆ. ಕನ್ನಡದಲ್ಲಿ ‘ಎಂಬ’ ಇದೆ, ‘ಎಂದು’ ಇದೆ, ಆಡುಮಾತಿನಲ್ಲಿ ‘ಅಂತ’ ಮತ್ತು ‘ಅನ್ನೋ’ ಇವೆ. ಎಲ್ಲವೂ ಹೇಳು ಎಂಬ ಅರ್ಥದ ‘ಎನ್’ ಧಾತುವಿನ ಮಕ್ಕಳು. ಚಳ್ಳಕೆರೆ ಎಂಬ ಊರು ಎಂದರೆ, ಹಾಗೆಂದು ಜನ ಹೇಳುವ ಊರು. ತಾಳೆಗರಿಯಲ್ಲಿ ಪದಪದಗಳ ನಡುವೆ ಜಾಗವನ್ನೂ ಬಿಡದೆ ಬರೆಯುತ್ತಿದ್ದ ಕಾಲದಲ್ಲಿ ನಮ್ಮ ಓದುಗರು ದಾರಿ ತಪ್ಪದೆ ಇದ್ದದ್ದಕ್ಕೆ ಇಂಥ ಮಾತುಗಳೂ ಒಂದು ಕಾರಣ. ಸಂಸ್ಕೃತದಲ್ಲಿ ‘ಇತಿ’ ಇದೇ ಕೆಲಸ ಮಾಡುತ್ತದೆ. ಪಾಣಿನಿಯಂತೂ ತನ್ನ ವ್ಯಾಕರಣದಲ್ಲಿ ಬರುವ ಪದ, ಅದು ಪಾರಿಭಾಷಿಕವಲ್ಲದಿದ್ದರೆ, ತನ್ನ ರೂಪವನ್ನೇ ಸೂಚಿಸುತ್ತದೆ ಎಂದು ಮೊದಲೇ ಒಂದು ನಿಯಮ ಹೇಳಿಟ್ಟ. ಬಾಯಿಂದ ಬಾಯಿಗೆ ಹೋಗುವ ಶಾಸ್ತ್ರಕ್ಕೆ ಕೊಕ್ಕೆ ಎಲ್ಲಿಂದ ಬರಬೇಕು?

ಚಳ್ಳಕೆರೆ, ಮೊಳಕಾಲ್ಮುರು ಎರಡೂ ಆಂಧ್ರದ ಗಡಿಗೆ ಹೊಂದಿದ ತಾಲೂಕುಗಳು. ಇಲ್ಲಿ ಒಂದೇ ಬೀದಿಯಲ್ಲಿ ಕನ್ನಡ, ತೆಲುಗು, ದಖನಿ ಉರ್ದು ಮೂರೂ ಕಿವಿಗೆ ಬೀಳುತ್ತವೆ. ಕನ್ನಡದವರು ಚಳ್ಳಕೆರೆ ಅನ್ನೋ ಊರು ಎಂದರೆ ತೆಲುಗಿನವರು “ಚಳ್ಳಕೆರೆ ಅನೇ ಊರು” ಎನ್ನುತ್ತಾರೆ. ನಮ್ಮ ಮನೆಗಳಲ್ಲಿ “ಚಳ್ಳಕೆರೆ ಬೋಲ್ಕೆ ಏಕ್ ಗಾಂವ್” ಎನ್ನುತ್ತೇವೆ. ಈ ‘ಬೋಲ್ಕೆ’ಯನ್ನು ಸ್ವಲ್ಪ ನಿಂತು ನೋಡಬೇಕು. ಶಾಲೆಯಲ್ಲಿ ಕಲಿತ ಉರ್ದುವಿನಲ್ಲಿ ಇದು ಹೀಗೆ ಬರುವುದಿಲ್ಲ. ನಾಳೆ ಬರುತ್ತೇನೆ ಎಂದು ಹೇಳಿದ ಎನ್ನಲು ಅಲ್ಲಿ “ಉಸ್‌ನೇ ಕಹಾ ಕಿ ಮೈಂ ಕಲ್ ಆಊಂಗಾ” ಎನ್ನಬೇಕು. ‘ಕಿ’ ಮೊದಲು ಬಂದು ಬಾಗಿಲು ತೆರೆಯುತ್ತದೆ, ಹೇಳಿದ ಮಾತು ಆಮೇಲೆ. ಮನೆಯಲ್ಲಿ ನಾವು “ಕಲ್ ಆತೌಂ ಬೋಲ್ಕೆ ಬೋಲ್ಯಾ” ಎನ್ನುತ್ತೇವೆ. ಹೇಳಿದ ಮಾತು ಮೊದಲು, ಅದರ ಬೆನ್ನಿಗೆ ‘ಬೋಲ್ಕೆ’. ‘ಬೋಲ್ಕೆ’ ಎಂದರೆ ಹೇಳಿ. ಪದ ಹಿಂದುಸ್ತಾನದ್ದು, ಅಚ್ಚು ಕನ್ನಡ ತೆಲುಗಿನದು. ‘ಎಂದು’ ಮಾಡುವ ಕೆಲಸವನ್ನು ನೋಡಿ ನೋಡಿ ದಖನಿ ತನ್ನದೇ ಮಾತಿನಲ್ಲಿ ಅದನ್ನು ಕಟ್ಟಿಕೊಂಡಿತು.

ಚಿಕ್ಕಂದಿನಲ್ಲಿ ಉರ್ದು ಶಾಲೆಯ ಮೇಷ್ಟರು ಈ ‘ಬೋಲ್ಕೆ’ಗಾಗಿ ನಮ್ಮ ಕಿವಿ ಹಿಂಡುತ್ತಿದ್ದರು. ಅದು ಗಂವಾರರ ಭಾಷೆ ಎಂಬುದು ಅವರ ತಕರಾರು. ಕನ್ನಡ ಶಾಲೆಗೆ ಹೋದಾಗ ಅಲ್ಲಿ ನಮ್ಮ ಉಚ್ಚಾರಣೆ ಕೇಳಿ ನಗುತ್ತಿದ್ದರು. ಈಗ ಅನಿಸುವುದು, ಆ ಒಂದು ಪದದಲ್ಲಿ ಎರಡು ಶಾಲೆಯವರಿಗೂ ಗೊತ್ತಿಲ್ಲದ ಒಂದು ಕೊಡುಕೊಳೆ ನಡೆದಿತ್ತು. ಒಂದು ಪದವನ್ನು ಬೇರೆಯವರ ಮಾತೆಂದು ತೋರಿಸುವ ಕ್ರಮವನ್ನೇ ನಾವು ಅಕ್ಕಪಕ್ಕದವರಿಂದ ಕಲಿತಿದ್ದೆವು. ಹಾಗೆ ಕಲಿತವರ ಮನೆಮಾತು ಅಚ್ಚಿಗೆ ಹೋದಾಗ ಬೇರೆಯವರ ಮಾತೆಂದು ಕೊಕ್ಕೆ ಹಾಕಿಸಿಕೊಂಡು ಬರುತ್ತದೆ.

ಕೊಕ್ಕೆ ಹಾಕಿದರೆ ಕಳೆದುಕೊಳ್ಳುವುದೇನು ಎಂದು ಯಾರಾದರೂ ಕೇಳಬಹುದು. ಇದಕ್ಕೆ ಕನ್ನಡ ವ್ಯಾಕರಣವೇ ಉತ್ತರ ಕೊಡುತ್ತದೆ. ಅಜ್ಜಿ ಬಂದರು ಎನ್ನುತ್ತೇವೆ. ಆದರೆ ‘ಅಜ್ಜಿ’ ಎಂಬ ಪದ ಮೂರು ಸಲ ಬಂತು ಎನ್ನಬೇಕು, ಬಂದರು ಎನ್ನಲಾಗದು. ‘ಅವರು’ ಎಂಬುದು ಸರ್ವನಾಮ. ಅಲ್ಲಿ ಅವರು ಇಲ್ಲ, ಅದು ಮಾತ್ರ ಇದೆ. ಪದವನ್ನು ಪದವೆಂದು ಎತ್ತಿ ತೋರಿಸಿದ ಕೂಡಲೇ ಅದರೊಳಗಿದ್ದ ಮನುಷ್ಯರು ಎದ್ದು ಹೊರಡುತ್ತಾರೆ. ಲಿಂಗ ಹೋಗುತ್ತದೆ, ಗೌರವದ ಬಹುವಚನ ಹೋಗುತ್ತದೆ, ಉಳಿಯುವುದು ನಪುಂಸಕಲಿಂಗದ ಒಂದು ವಸ್ತು. ವ್ಯಾಕರಣದ ಪಾಠದಲ್ಲಿ, ನಿಘಂಟಿನಲ್ಲಿ, ಈ ಲೇಖನದಂಥ ಬರಹದಲ್ಲಿ ಅದು ಸರಿ. ಅಲ್ಲಿ ಪದವೇ ವಸ್ತು. ಕತೆಯಲ್ಲಿ ಹಾಗಲ್ಲ. ನಮ್ಮ ಕತೆಯಲ್ಲಿ ಅಮ್ಮಿ ಒಲೆಯ ಮುಂದೆ ಕೂತು ರೊಟ್ಟಿ ತಟ್ಟುತ್ತಿದ್ದಳು. ಕೊಕ್ಕೆ ಬಿದ್ದ ಮೇಲೆ ಓದುಗರಿಗೆ ಮೊದಲು ಕಾಣುವುದು ಆಕೆಯ ಕೈಯಲ್ಲ. ಮುಸ್ಲಿಮರು ತಾಯಿಯನ್ನು ಹೀಗೆ ಕರೆಯುತ್ತಾರೆ ಎಂಬ ಮಾಹಿತಿ ಮೊದಲು ಕಾಣುತ್ತದೆ. ಆಮೇಲೆ ಸಮಯ ಉಳಿದರೆ ತಾಯಿ.

ಇನ್ನೊಂದು ತೊಡಕು ಇದೆ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಪದದ ಮೈಗೆ ಅಂಟಿಕೊಂಡು ಬರುತ್ತದೆ. ಇಂಗ್ಲಿಷಿನಲ್ಲಿ ‘ಟು’, ‘ಫ್ರಮ್’ ಎಲ್ಲ ದೂರ ನಿಲ್ಲುವುದರಿಂದ ಪದವೊಂದಕ್ಕೆ ಕೊಕ್ಕೆ ಹಾಕಿದರೆ ಯಾರಿಗೂ ನೋವಾಗದು. ನಮ್ಮಲ್ಲಿ ಕೊಕ್ಕೆ ಪದಕ್ಕೂ ಪ್ರತ್ಯಯಕ್ಕೂ ನಡುವೆ ಬೀಳುತ್ತದೆ. ಊರಿನ ಯಾರ ಬಾಯಲ್ಲೇ ಕೇಳಿ, ಸಾಬರು ನಮಾಜಿಗೆ ಹೋಗಿದ್ದಾರೆ ಎನ್ನುತ್ತಾರೆ. ‘ಊಟ’ಕ್ಕೆ ‘ಊಟಕ್ಕೆ’ ಹೇಗೋ ‘ನಮಾಜ್’ಗೆ ‘ನಮಾಜಿಗೆ’ ಹಾಗೆ. ಕನ್ನಡದ ನಾಲಿಗೆ ಆ ಪದಕ್ಕೊಂದು ಇಕಾರ ಕೊಟ್ಟು ತನ್ನದಾಗಿ ಮಾಡಿಕೊಂಡಿದೆ. ಅಚ್ಚಿನಲ್ಲಿ ಮಾತ್ರ ಪದವನ್ನು ಕೊಕ್ಕೆಯೊಳಗೆ ಕೂಡಿಹಾಕಿ ‘ಗೆ’ಯನ್ನು ಹೊರಗೆ ನಿಲ್ಲಿಸುತ್ತಾರೆ. ಹಾಗೆ ಯಾರೂ ಮಾತಾಡುವುದಿಲ್ಲ. ನಾಲಿಗೆ ಒಂದು ಮಾಡಿದ್ದನ್ನು ಅಚ್ಚು ಕತ್ತರಿಸುತ್ತದೆ. ಮೊಹರಂ ಬಂದಾಗ ಈ ಸೀಮೆಯ ಹಳ್ಳಿಗಳಲ್ಲಿ ಎಲ್ಲ ಜಾತಿಯವರೂ ಪೀರ್ಲ ಹಬ್ಬ ಎನ್ನುತ್ತಾರೆ. ಪಾರಸಿಯ ‘ಪೀರ್’ಗೆ ತೆಲುಗಿನ ಬಹುವಚನ, ಅದಕ್ಕೆ ತೆಲುಗಿನದೇ ಷಷ್ಠಿ, ಕೊನೆಗೆ ಕನ್ನಡದ ಹಬ್ಬ. ಇದರಲ್ಲಿ ಕೊಕ್ಕೆ ಎಲ್ಲಿ ತೆರೆದು ಎಲ್ಲಿ ಮುಚ್ಚಬೇಕು?

ದೋಷ ಎಲ್ಲಿಂದ ಶುರುವಾಯಿತು ಎಂದು ಹುಡುಕಿದರೆ ಶಾಲೆಯ ವ್ಯಾಕರಣ ಪುಸ್ತಕದಲ್ಲೇ ಅದರ ಬೀಜ ಇದೆ. ಜೋಡಿ ಕೊಕ್ಕೆಗೆ ಉದ್ಧರಣ ಚಿಹ್ನೆ ಎಂದೂ ಒಂಟಿ ಕೊಕ್ಕೆಗೆ ವಾಕ್ಯವೇಷ್ಟನ ಚಿಹ್ನೆ ಎಂದೂ ಹೆಸರು. ವಾಕ್ಯವೇಷ್ಟನವನ್ನು ಪಾರಿಭಾಷಿಕ ಪದಕ್ಕೆ, ಅನ್ಯಭಾಷೆಯ ಪದಕ್ಕೆ, ಪ್ರಮುಖ ಪದಕ್ಕೆ ಬಳಸಬೇಕೆಂದು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಮೂರು ಬೇರೆ ಬೇರೆ ಕೆಲಸಕ್ಕೆ ಒಂದೇ ಗುರುತು. ಪ್ರಮುಖ ಪದ ಯಾವುದೆಂದು ಬರೆಯುವವರು ತಿಳಿಸಬಹುದು. ಪಾರಿಭಾಷಿಕ ಯಾವುದೆಂದು ಶಾಸ್ತ್ರ ತಿಳಿಸುತ್ತದೆ. ಅನ್ಯ ಯಾವುದೆಂದು ಯಾರು ತಿಳಿಸಬೇಕು? ವ್ಯಾಕರಣ ಅಲ್ಲಿ ಬಾಯಿ ಮುಚ್ಚಿಕೊಳ್ಳುತ್ತದೆ. ಆ ಜಾಗದಲ್ಲಿ ಸಮಾಜ ಮಾತಾಡತೊಡಗುತ್ತದೆ.

ಸರ್ಕಾರ, ಜಿಲ್ಲೆ, ತಾಲೂಕು, ತಹಸೀಲ್ದಾರ್, ಅರ್ಜಿ, ವಕೀಲ, ಕಾನೂನು, ಜಮೀನು, ಕಾಗದ ಇವು ಯಾವುವೂ ಕನ್ನಡದ ಬೇರಿನವಲ್ಲ. ‘ರೈತ’ ಕೂಡ ಅರಬ್ಬಿಯ ‘ರಅಯ್ಯತ್’ನಿಂದ ಬಂದದ್ದು. ಈ ನಾಡಿನ ಬೆನ್ನೆಲುಬು ಎಂದು ನಾವು ಕರೆಯುವ ರೈತನಿಗೆ ಯಾರೂ ಕೊಕ್ಕೆ ಹಾಕುವುದಿಲ್ಲ. ಚಳ್ಳಕೆರೆ ತಾಲೂಕಿನ ಹುಲ್ಲುಗಾವಲುಗಳಿಗೆ ಅಮೃತಮಹಲ್ ಕಾವಲು ಎಂಬ ಹೆಸರಿದೆ. ಮೈಸೂರಿನ ಅರಸರ ಕಾಲದಲ್ಲಿ ಆ ದನಗಳ ಇಲಾಖೆಗೆ ಬೆಣ್ಣೆ ಚಾವಡಿ ಎನ್ನುತ್ತಿದ್ದರು, ಅಮೃತಮಹಲ್ ಎಂದು ಕರೆದದ್ದು ಟಿಪ್ಪು ಸುಲ್ತಾನ. ‘ಅಮೃತ’ ಸಂಸ್ಕೃತ, ‘ಮಹಲ್’ ಅರಬ್ಬಿ, ‘ಕಾವಲು’ ಕನ್ನಡ. ಮೂರು ಭಾಷೆಗಳು ಒಂದೇ ನೊಗಕ್ಕೆ ಹೆಗಲು ಕೊಟ್ಟು ಎರಡು ಶತಮಾನ ದಾಟಿದೆ. ಸರ್ಕಾರಿ ದಾಖಲೆಯಲ್ಲಿ, ಪತ್ರಿಕೆಯಲ್ಲಿ, ಕುರಿ ಕಾಯುವವರ ಬಾಯಲ್ಲಿ ಅದು ಒಂದೇ ಉಸಿರಿನ ಮಾತು. ಹಾಗಿರುವಾಗ ದಸ್ತರ್‌ಖಾನ್ ಎಂಬ ಒಂದು ಬಟ್ಟೆಯ ತುಂಡನ್ನು ಹಾಸಿ ಊಟಕ್ಕೆ ಕೂತರೆ ಕನ್ನಡಕ್ಕೆ ಯಾವ ತೊಂದರೆ?

ಗುರುತು ಹಾಕುವುದೇ ತಪ್ಪೆಂದು ನಾವು ಹೇಳುತ್ತಿಲ್ಲ. ಉರ್ದುವಿನಲ್ಲಿ ಕವಿಯ ಕಾವ್ಯನಾಮದ ತಲೆಯ ಮೇಲೆ ಒಂದು ಚಿಕ್ಕ ಗೀಟು ಎಳೆಯುವ ಪದ್ಧತಿ ಇದೆ. ‘ಗಾಲಿಬ್’ ಎಂದರೆ ಮೇಲುಗೈ ಸಾಧಿಸಿದವನು, ‘ದರ್ದ್’ ಎಂದರೆ ನೋವು, ‘ಮೋಮಿನ್’ ಎಂದರೆ ವಿಶ್ವಾಸಿ. ಇವೆಲ್ಲ ದಿನಬಳಕೆಯ ಮಾತುಗಳು. ಗಜಲಿನ ಕೊನೆಯಲ್ಲಿ ಇಂಥ ಪದ ಬಂದಾಗ ಅದು ಮಾತೋ ಕವಿಯೋ ಎಂದು ಗೊತ್ತಾಗಲೆಂದು ಆ ಗೀಟು. ಅದು ಕವಿ ತಾನೇ ಕಟ್ಟಿಕೊಂಡ ತುರಾಯಿ. ಗೀಟು ಬಿದ್ದ ಕೂಡಲೇ ಪದದೊಳಗೆ ಒಬ್ಬ ಮನುಷ್ಯ ಬಂದು ಕೂರುತ್ತಾನೆ. ನಮ್ಮ ಕತೆಗೆ ಬಿದ್ದ ಕೊಕ್ಕೆಗೆ ಇದು ತೀರ ವಿರುದ್ಧ. ಅಲ್ಲಿ ಮನುಷ್ಯ ಹೊರಗೆ ಹೋಗುತ್ತಾನೆ, ಇಲ್ಲಿ ಒಳಗೆ ಬರುತ್ತಾನೆ. ಅಂದಹಾಗೆ ಉದ್ಧರಣ ಚಿಹ್ನೆಗೆ ಉರ್ದುವಿನಲ್ಲಿ ವಾವೈನ್ ಎನ್ನುತ್ತಾರೆ, ಎರಡು ವಾವ್ ಎಂಬ ಅರ್ಥದಲ್ಲಿ. ಆ ಕೊಕ್ಕೆಗಳು ಉರ್ದುವಿನ ‘ವಾವ್’ ಅಕ್ಷರದಂತೆ ಕಂಡದ್ದರಿಂದ ಹೊರಗಿನಿಂದ ಬಂದ ಗುರುತಿಗೂ ಮನೆಯ ಅಕ್ಷರದ ಹೆಸರಿಟ್ಟು ಕರೆದರು.

ತಾನೇ ಹಾಕಿಕೊಂಡ ಗುರುತಿಗೆ ಇದಕ್ಕಿಂತ ಹಳೆಯ ಸಾಕ್ಷಿ ನಮ್ಮ ಮಗ್ಗುಲಲ್ಲೇ ಇದೆ. ಮೊಳಕಾಲ್ಮುರು ತಾಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಬಂಡೆ ಶಾಸನಗಳಿವೆ. ಬಿ. ಎಲ್. ರೈಸ್ 1892ರಲ್ಲಿ ಇವನ್ನು ಲೋಕಕ್ಕೆ ತಿಳಿಸಿದರು. ಕ್ರಿಸ್ತಪೂರ್ವ ಮೂರನೆಯ ಶತಮಾನದ ಈ ಶಾಸನಗಳ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ, ಎಡದಿಂದ ಬಲಕ್ಕೆ. ಬ್ರಹ್ಮಗಿರಿಯ ಶಾಸನದ ಕೊನೆಗೆ ಬರೆದವನು ತನ್ನ ಹೆಸರು ಹೇಳಿದ್ದಾನೆ, ಚಪಡ ಎಂದು. ಅಲ್ಲಿಯವರೆಗೂ ಬ್ರಾಹ್ಮಿಯಲ್ಲಿ ಬಂದವನು ತನ್ನ ಕಸುಬನ್ನು ಹೇಳುವ ಮಾತಿಗೆ ಬಂದಾಗ ಲಿಪಿ ಬದಲಿಸಿದ. ತಾನು ಲಿಪಿಕಾರ ಎಂಬ ಒಂದು ಪದವನ್ನು ಮಾತ್ರ ಖರೋಷ್ಠಿಯಲ್ಲಿ ಕೊರೆದ, ಬಲದಿಂದ ಎಡಕ್ಕೆ. ಖರೋಷ್ಠಿ ವಾಯವ್ಯದ ಗಾಂಧಾರ ಸೀಮೆಯ ಲಿಪಿ. ಅದು ಅರಾಮಿಕ್ ಲಿಪಿಯಿಂದ ಬಂದದ್ದು. ಇಂದು ಉರ್ದು ಬರೆಯುವ ಅರಬ್ಬಿ ಲಿಪಿಯೂ ಅದೇ ಅರಾಮಿಕ್ ವಂಶದ್ದು.

ಆ ಬಂಡೆಯ ಮುಂದೆ ನಿಂತಾಗಲೆಲ್ಲ ನಮಗೆ ಚಪಡನ ಮೇಲೆ ಹೊಟ್ಟೆಕಿಚ್ಚಾಗುತ್ತದೆ. ಕನ್ನಡ ಎಡದಿಂದ, ಉರ್ದು ಬಲದಿಂದ ಬರೆಯುತ್ತ ಬೆಳೆದ ನಮ್ಮಂಥವರಿಗೆ ಅವನು ಹಿರಿಯಣ್ಣನಂತೆ ಕಾಣುತ್ತಾನೆ. ಆ ಒಂದು ಪದವನ್ನು ಅವನೂ ಬೇರೆ ಮಾಡಿದ್ದಾನೆ. ಆದರೆ ಬೇರೆ ಮಾಡಿದ ಕೈ ಅವನದೇ. ನನಗೆ ಇನ್ನೊಂದು ಲಿಪಿಯೂ ಬರುತ್ತದೆ ನೋಡಿ ಎಂಬ ಕಸುಬುದಾರನ ಹೆಮ್ಮೆ ಅಲ್ಲಿದ್ದಿರಬಹುದು. ಚಕ್ರವರ್ತಿಯ ಆಜ್ಞೆಯ ಕೆಳಗೆ ಲಿಪಿಕಾರನ ಆ ಪದ ತನ್ನ ದಿಕ್ಕಿನಲ್ಲಿ ತಾನು ನಡೆಯುತ್ತಿದೆ. ಅದರ ಪಕ್ಕದಲ್ಲಿ ಯಾರೂ ಆವರಣ ಹಾಕಿ ಅರ್ಥ ಬರೆದಿಲ್ಲ.

ಈಗ ಓದುಗರ ತೊಡಕಿನ ಮಾತಿಗೆ ಬರೋಣ. ಸಂಪಾದಕರ ವಾದದಲ್ಲಿ ಗಟ್ಟಿಯಾದದ್ದು ಇದೊಂದೇ. ಗೊತ್ತಿಲ್ಲದ ಪದ ಬಂದರೆ ಓದುಗರು ಎಡವುತ್ತಾರೆ ಎಂಬುದು ನಿಜ. ಎಡವಿದ ಮೇಲೆ ನಿಂತು ನೋಡುತ್ತಾರೆ, ಮುಂದಿನ ಎರಡು ಸಾಲಿನಲ್ಲಿ ಅರ್ಥ ಹೊಳೆಯುತ್ತದೆ ಎಂಬುದೂ ನಿಜ. ಸಾರಾ ಅಬೂಬಕ್ಕರ್, ಬೊಳುವಾರು ಮಹಮದ್ ಕುಂಞಿ, ಫಕೀರ್ ಮುಹಮ್ಮದ್ ಕಟ್ಪಾಡಿ ಇವರನ್ನು ಓದುತ್ತಲೇ ಕನ್ನಡದ ಓದುಗರು ಕರಾವಳಿಯ ಮುಸ್ಲಿಂ ಮನೆಗಳ ಒಳಗೆ ಹೋಗಿ ಬಂದರು. ಹಾಗೆ ನೋಡಿದರೆ ಬಯಲುಸೀಮೆಯ ಮುಸ್ಲಿಂ ಮಕ್ಕಳಾದ ನಾವು ಕನ್ನಡ ಪಠ್ಯದಲ್ಲಿ ಸಂಧ್ಯಾವಂದನೆ, ಮಡಿ, ಶ್ರಾದ್ಧ, ಸೀಮಂತ ಎಲ್ಲವನ್ನೂ ಯಾವ ಕೊಕ್ಕೆ ಆವರಣಗಳ ಸಹಾಯ ಇಲ್ಲದೆ ಓದಿ ಅರ್ಥ ಮಾಡಿಕೊಂಡೆವು. ಯಾರೂ ನಮ್ಮನ್ನು ಸಾಮಾನ್ಯ ಓದುಗರೆಂದು ಎಣಿಸಿ ತೊಡಕಾದೀತೆಂದು ಹೆದರಲಿಲ್ಲ. ಹೆದರದೆ ಇದ್ದದ್ದು ಒಳ್ಳೆಯದೇ ಆಯಿತು. ಗೊತ್ತಿಲ್ಲದ ಮನೆಯ ಮಾತನ್ನು ಕೇಳುತ್ತ ಕಲಿಯುವುದೇ ಸಾಹಿತ್ಯದ ಓದು. ಆ ಸುಖವನ್ನು ಉಳಿದವರಿಗೆ ಏಕೆ ತಪ್ಪಿಸಬೇಕು?

2025ರ ಮೇ 20ರಂದು ಬಾನು ಮುಷ್ತಾಕ್ ಅವರ ಕತೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಕನ್ನಡಕ್ಕೆ ಅದು ಮೊದಲ ಸಲ, ಸಣ್ಣ ಕತೆಗಳ ಸಂಕಲನಕ್ಕೂ ಮೊದಲ ಸಲ. 1990ರಿಂದ 2023ರವರೆಗೆ ಬರೆದ ಕತೆಗಳಲ್ಲಿ ಹನ್ನೆರಡನ್ನು ಆಯ್ದು ದೀಪಾ ಭಾಸ್ತಿ ಅನುವಾದಿಸಿದ್ದರು. ಸನ್ಮಾನಗಳ ಗದ್ದಲದಲ್ಲಿ ನಮ್ಮಲ್ಲಿ ಸಾಕಷ್ಟು ಚರ್ಚೆಯಾಗದ ಒಂದು ಸಂಗತಿ ಆ ಪುಸ್ತಕದಲ್ಲಿದೆ. ಅನುವಾದಕಿ ಬರೆದ ಟಿಪ್ಪಣಿಯ ಹೆಸರೇ ‘ಎಗೇನ್ಸ್ಟ್ ಇಟಾಲಿಕ್ಸ್’, ಓರೆ ಅಕ್ಷರದ ವಿರುದ್ಧ. ಕತೆಗಳಲ್ಲಿ ಬರುವ ಕನ್ನಡ, ಉರ್ದು, ಅರಬ್ಬಿ ಪದಗಳನ್ನು ಓರೆ ಅಕ್ಷರದಲ್ಲಿ ಹಾಕಿ ಬೇರೆ ಮಾಡಿಲ್ಲ, ಅಡಿಟಿಪ್ಪಣಿಯನ್ನೂ ಕೊಟ್ಟಿಲ್ಲ. ನಮ್ಮ ಸೀಮೆಯನ್ನು ಕಂಡೇ ಇರದ ಇಂಗ್ಲಿಷ್ ಓದುಗರ ಮುಂದೆ ಆ ಪದಗಳು ಉಳಿದ ಪದಗಳ ಸಾಲಿನಲ್ಲೇ ಕೂತಿವೆ.

ಇದನ್ನು ಓದಿದಾಗ ನಮಗೆ ಸಂತೋಷದ ಜೊತೆಗೆ ಮುಜುಗರವೂ ಆಯಿತು. ಲಂಡನ್ನಿನಲ್ಲಿ ಪುಸ್ತಕ ಕೊಳ್ಳುವವರಿಗೆ ಬೇಕಿಲ್ಲದ ಊರುಗೋಲು ಚಳ್ಳಕೆರೆಯ ಬಸ್ ನಿಲ್ದಾಣದಲ್ಲಿ ಪತ್ರಿಕೆ ಕೊಳ್ಳುವವರಿಗೆ ಬೇಕೇ? ಆತನ ಪಕ್ಕದ ಅಂಗಡಿಯೇ ಸಾಬರದು. ಆತ ಮದುವೆಗೆ ಹೋಗಿ ದಸ್ತರ್‌ಖಾನಿನ ಮೇಲೆ ಬಿರಿಯಾನಿ ತಿಂದು ಬಂದವನು. ಗೆಳೆಯನ ತಂದೆ ತೀರಿದಾಗ ಮಯ್ಯತ್ತಿಗೆ ಹೆಗಲು ಕೊಟ್ಟವನು. ಅವನಿಗೆ ಗೊತ್ತಿಲ್ಲ ಎಂದು ತೀರ್ಮಾನಿಸಿ ಕೊಕ್ಕೆ ಹಾಕಿದರೆ ಅವಮಾನ ನಮಗೊಬ್ಬರಿಗೇ ಅಲ್ಲ, ಅವನಿಗೂ ಆಗುತ್ತದೆ. ನಿನ್ನ ನೆರೆಯವರು ನಿನಗೆ ಅಪರಿಚಿತರು ಎಂದು ದಿನವೂ ಅಚ್ಚು ಹಾಕಿ ಹೇಳುತ್ತ ಹೋದರೆ ಒಂದು ದಿನ ಅವನು ನಂಬಿಯೇಬಿಡುತ್ತಾನೆ.

ಕೊಕ್ಕೆ ಬೇಕಾದ ಕಡೆ ಇರುವುದಿಲ್ಲ ಎಂಬುದು ಈ ಕತೆಯ ಇನ್ನೊಂದು ಮುಖ. ಒಂದು ಮಾತನ್ನು ಯಾರೋ ಹುಟ್ಟುಹಾಕಿದ್ದಾರೆ, ಅದು ಅವರ ಆರೋಪ, ನಾವು ಅದಕ್ಕೆ ಜಾಮೀನಲ್ಲ ಎಂದು ತೋರಿಸಬೇಕಾದಾಗ ಪತ್ರಕರ್ತರ ಬಳಿ ಇರುವ ಸಾಧನ ಇದೊಂದೇ. ‘ಲವ್ ಜಿಹಾದ್’ ಎಂಬ ಮಾತನ್ನು ತೆಗೆದುಕೊಳ್ಳಿ. ಈಗಿರುವ ಕಾನೂನುಗಳಲ್ಲಿ ಆ ಪದಕ್ಕೆ ವ್ಯಾಖ್ಯೆ ಇಲ್ಲ ಎಂದು ಕೇಂದ್ರ ಸರ್ಕಾರವೇ 2020ರ ಫೆಬ್ರವರಿಯಲ್ಲಿ ಲೋಕಸಭೆಗೆ ತಿಳಿಸಿತ್ತು. ಹಾಗಿದ್ದೂ ಆ ಮಾತು ತಲೆಬರಹಗಳಲ್ಲಿ ಕೊಕ್ಕೆಯಿಲ್ಲದೆ, ಮಳೆ ಬಂತು ಬೆಳೆ ಬಂತು ಎನ್ನುವಷ್ಟು ಸಹಜವಾಗಿ ಓಡಾಡಿದ್ದನ್ನು ಕಂಡಿದ್ದೇವೆ. ಕೊಕ್ಕೆ ಇದ್ದರೆ ಅದು ಯಾರೋ ಆಡಿದ ಮಾತು, ಇಲ್ಲದಿದ್ದರೆ ಅದು ನಡೆದ ಸಂಗತಿ. ಎರಡು ಚಿಕ್ಕ ಗುರುತಿನ ನಡುವೆ ಯಾವುದೋ ಊರಿನ ಒಬ್ಬ ಹುಡುಗ, ಒಬ್ಬಳು ಹುಡುಗಿಯ ಬದುಕು ಸಿಕ್ಕಿಕೊಂಡಿರುತ್ತದೆ. ಅಮ್ಮಿಗೆ ಕೊಕ್ಕೆ ಹಾಕಿದ ಅದೇ ಪತ್ರಿಕಾಲೋಕ ಇಲ್ಲಿ ಕೈ ಕಟ್ಟಿ ಕೂತಿತು. ಸುಳ್ಳು ಸಲೀಸಾಗಿ ಒಳಗೆ ಬಂತು, ತಾಯಿ ಬಾಗಿಲಲ್ಲಿ ನಿಂತಳು.

ಬೆರಳನ್ನು ಹೊರಗೆ ಮಾತ್ರ ತೋರಿಸಿ ಮುಗಿಸಿದರೆ ವಿಮರ್ಶೆ ಅರ್ಧವಾಗುತ್ತದೆ. ನಮ್ಮವರೂ ಈ ರೋಗದಿಂದ ದೂರ ಇಲ್ಲ. ಮುಸ್ಲಿಂ ಲೇಖಕರು ಬರೆದ ಕನ್ನಡ ಬರಹಗಳಲ್ಲಿ ನೆರೆಮನೆಯ ಪ್ರಸಾದ, ತೇರು, ಕುಂಕುಮಗಳಿಗೆ ಕೊಕ್ಕೆ ಬಿದ್ದದ್ದನ್ನು ಕಂಡಿದ್ದೇವೆ. ಹುಟ್ಟಿದಂದಿನಿಂದ ನಾಯಕನಹಟ್ಟಿಯ ತೇರಿನ ಧೂಳಿನಲ್ಲಿ ಆಡಿದವರು ‘ತೇರು’ ತಮ್ಮ ಪದವಲ್ಲ ಎಂದು ಏಕೆ ತೋರಿಸಬೇಕು? ಇನ್ನೊಂದು ಕಡೆ, ಸರಳ ಕನ್ನಡ ಇರುವಲ್ಲೂ ಅರಬ್ಬಿಯ ಗಟ್ಟಿ ಪದವೊಂದನ್ನು ತಂದಿಟ್ಟು, ಅದಕ್ಕೆ ಕೊಕ್ಕೆ ಹಾಕಿ, ಆವರಣದಲ್ಲಿ ಅರ್ಥ ಕೊಟ್ಟು ವಿದ್ವತ್ತು ತೋರುವ ಚಪಲವೂ ನಮ್ಮಲ್ಲಿದೆ. ಉಪವಾಸ ಎಂದು ಊರೆಲ್ಲ ಹೇಳುವಾಗ, ಪ್ರವಾದಿ ಎಂಬ ಮಾತು ಕನ್ನಡದಲ್ಲಿ ಚೆನ್ನಾಗಿ ಬೇರೂರಿರುವಾಗ, ಅದನ್ನು ಬಿಟ್ಟು ದೂರದ ಪದಕ್ಕೆ ಕೈಚಾಚುವುದು ಏಕೆ? ನಾವು ಮೊದಲ ಕತೆಗಳನ್ನು ಬರೆದಾಗ ಸಂಪಾದಕರಿಗಿಂತ ಮೊದಲೇ ನಾವೇ ಕೊಕ್ಕೆ ಹಾಕಿ ಕಳಿಸಿದ್ದೂ ಉಂಟು. ಕಿವಿ ಹಿಂಡಿಸಿಕೊಂಡ ಮಕ್ಕಳು ಮೇಷ್ಟರು ಬರುವ ಮೊದಲೇ ಕಿವಿ ಮುಟ್ಟಿಕೊಳ್ಳುವ ಹಾಗೆ.

ಹಾಗಾಗಿ ನಮ್ಮ ಕೋರಿಕೆ ಚಿಕ್ಕದು. ಪದದ ಬಗ್ಗೆ ಮಾತಾಡುವಾಗ ಪದಕ್ಕೆ ಕೊಕ್ಕೆ ಹಾಕಿ, ಅಥವಾ ‘ಎಂಬ’ ಬಳಸಿ ಬಿಡಿ. ಬೇರೆಯವರ ಆರೋಪವನ್ನು ವರದಿ ಮಾಡುವಾಗ ತಪ್ಪದೆ ಹಾಕಿ. ಮನುಷ್ಯರ ಬಗ್ಗೆ, ಅವರ ಮನೆಯ ಬಗ್ಗೆ, ಅವರ ಊಟ ಪ್ರಾರ್ಥನೆ ಸಾವುಗಳ ಬಗ್ಗೆ ಬರೆಯುವಾಗ ಹಾಕಬೇಡಿ. ಒಂದು ಪದಕ್ಕೆ ಕೊಕ್ಕೆ ಬೇಕೇ ಎಂಬ ಅನುಮಾನ ಬಂದರೆ ಅದಕ್ಕೆ ಕನ್ನಡದ ಪ್ರತ್ಯಯ ಹಚ್ಚಿ ಒಮ್ಮೆ ಜೋರಾಗಿ ಓದಿ. ನಮಾಜಿಗೆ, ಮಯ್ಯತ್ತಿಗೆ, ಖಾಲಾನ ಮನೆಗೆ, ಅಮ್ಮಿಯಿಂದ. ನಾಲಿಗೆ ಎಡವದೆ ಹೋದರೆ ಆ ಪದ ಕನ್ನಡದ ಮನೆಯೊಳಗೆ ಬಂದು ಬಹಳ ದಿನವಾಗಿದೆ ಎಂದರ್ಥ.

ಚಳ್ಳಕೆರೆಯ ನಮ್ಮ ಹಳೆಯ ಓಣಿಯಲ್ಲಿ ಪಕ್ಕದ ಮನೆಯ ಮಕ್ಕಳು ಕಂಬಳಿ ನೇಯುವ ಕುರುಬರ ಮಕ್ಕಳು. ನಾವು ಕರೆಯುವುದನ್ನು ಕೇಳಿ ಕೇಳಿ ಅವರೂ ನಮ್ಮ ತಾಯಿಯನ್ನು ಅಮ್ಮಿ ಎಂದೇ ಕರೆಯುತ್ತಿದ್ದರು. ಅಮ್ಮಿ, ನಮ್ಮವ್ವ ಒಂದು ಲೋಟ ಮಜ್ಜಿಗೆ ಇಸ್ಕಂಡು ಬಾ ಅಂದ್ಳು ಎಂದು ಬಾಗಿಲಲ್ಲಿ ನಿಂತು ಕೂಗುತ್ತಿದ್ದರು. ಆ ಕೂಗಿನಲ್ಲಿ ಎರಡು ತಾಯಂದಿರಿದ್ದರು, ಒಂದು ‘ಅಂದ್ಳು’ ಇತ್ತು. ಕೊಕ್ಕೆ ಇರಲಿಲ್ಲ.